ಮೇಷ್ಟ್ರ ಕೋಟು

ನಮ್ಮ ಯಜಮಾನರು ಕಟ್ಟಾಯದ ಸ್ಕೂಲಿನಲ್ಲಿ ಮೇಷ್ಟ್ರು. ಮನಸ್ಸಿನ ಕಾಯಿಲೆ ಹತ್ತಿದ ಮೇಲೆ ಪಾಠ ಹೇಳುವುದಿರಲಿ, ನನ್ನ ಜೊತೆ ಮಾತಾಡುವುದನ್ನೂ ಬಿಟ್ಟಿದ್ದರು. ಪೆನ್ಷನ್ ಕೇಳಿದರೆ ಹಾಸನದ ದೊಡ್ಡ ಡಾಕ್ಟರು ‘ಕೆಲಸ ಮಾಡಬಲ್ಲರು’ ಎಂದು ಬರೆದುಬಿಟ್ಟರು. ಮೇಲ್ಮನವಿ ಹಾಕಿ ಮತ್ತೆ ಅವರ ಮುಂದೆಯೇ ಹೋಗಿ ನಿಂತೆವು. ಈ ಸಲ ನಾನು ಬೇಕೆಂದೇ ಬಾಚಣಿಗೆ ಮುಟ್ಟಿರಲಿಲ್ಲ.

ಇವರ ಗಡ್ಡ, ಕೊಳೆ ಪಂಚೆ ನೋಡಿ ಡಾಕ್ಟರು ಬೆಚ್ಚಿದರು. “ಹೋದ ಸಲ ಮದುವೆ ಗಂಡಿನ ಹಾಗಿದ್ದರಲ್ಲಮ್ಮ?”

“ದೊಡ್ಡೋರ ಮುಂದಕ್ಕೆ ಇಂಗೇ ಕರ್ಕೊಂಡ್ ಬರಕ್ಕಾಯ್ತದಾ ಸಾ? ಅವತ್ತು ನಾನೇ ಸ್ನಾನ ಮಾಡ್ಸಿ, ಕ್ಷೌರ ಮಾಡ್ಸಿ, ಕೋಟು ಆಕಿದ್ದೆ. ಮನೇಲಿ ದಿನಾ ಇಂಗೇ ಇರ್ತಾರೆ.”

ಡಾಕ್ಟರು ಹಳೆಯದನ್ನು ಹೊಡೆದುಹಾಕಿ ‘ಕೆಲಸ ಮಾಡಲಾರರು’ ಎಂದು ಬರೆದರು. ಗೆದ್ದೆವು. ಆದರೆ ನನಗೆ ಅವರು ಮೊದಲ ಸಲ ಬರೆದದ್ದೇ ನಿಜವಾಗಬೇಕಿತ್ತು.

ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆಸಿ, ಚೀಲದಲ್ಲಿ ತಂದಿದ್ದ ಕೋಟು ತೊಡಿಸಿ, ಕ್ರಾಪು ಬಾಚಿದೆ. ಗಡ್ಡವೊಂದು ಬಿಟ್ಟರೆ ಥೇಟ್ ಮೊದಲಿನವರೇ. ಬಸ್ಸು ಹತ್ತಿದರೆ ಹೊಸ ಕಂಡಕ್ಟರು ಕೋಟು ನೋಡಿ, “ಬನ್ನಿ ಮೇಷ್ಟ್ರೇ, ಮುಂದೆ ಕೂತ್ಕಳಿ. ಯಾವ ಸ್ಕೂಲು?” ಎಂದ.

ಇವರು ಕಿಟಕಿಯಾಚೆ ನೋಡುತ್ತಿದ್ದರು.

“ಕಟ್ಟಾಯದ ಸ್ಕೂಲು ಕಣಪ್ಪ,” ಎಂದು ನಾನೇ ಹೇಳಿ ಅವರಿಗೆ ಒತ್ತಿಕೊಂಡು ಕೂತೆ.

ಡಾಕ್ಟರನ್ನು ಏಮಾರಿಸಿದ ಕೋಟೇ ಕಂಡಕ್ಟರನ್ನೂ ಏಮಾರಿಸಿತ್ತು. ಅವನ ತೀರ್ಪಿನ ಮೇಲೆ ಮಾತ್ರ ನಾನು ಮೇಲ್ಮನವಿ ಹಾಕಲಿಲ್ಲ.