ದೊಡ್ಡವ್ವ ಕಂಟ್ರೋಲ್-ಸಿ ಒತ್ತಿದಾಗ

ಆ ದಿನ ಪರದೆಯ ಮೇಲೆ ಇದ್ದದ್ದು "ನಾ ಹೋದ ಮ್ಯಾಲ ನನಗ" ಎಂಬಷ್ಟೇ. ಅದರ ಬಾಲಕ್ಕೆ ಬಾಣದ ತುದಿಯಂಥ ಒಂದು ಗುರುತು, ಪಕ್ಕದಲ್ಲಿ ಇಂಗ್ಲಿಷಿನ ಸಿ. ಹೀಗೆಂದು ಬಹಳ ಕಾಲ ನಂಬಿದ್ದೆ. ಏನೇನೋ ಡೈರಿಯಲ್ಲಿ ಬರೆದಿಡುವ ನಾನು ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ. ನಾಳೆ ದೊಡ್ಡವ್ವ ಮತ್ತೆ ಟೈಪ್ ಮಾಡುತ್ತಾಳೆ, ಆಗ ಪೂರ್ತಿ ಸಿಗುತ್ತದೆ ಅಂದುಕೊಂಡಿದ್ದೆ.

ದೊಡ್ಡವ್ವ ನನ್ನ ಅವ್ವನ ಅಕ್ಕ. ಔರಾದಿನ ಜಮೀನು ದಾಖಲೆಗಳ ಕಚೇರಿಯಲ್ಲಿ, ಜನ ಬಂದು ನಿಲ್ಲುವ ಕಿಟಕಿಯ ಹಿಂದೆ ಕಂಪ್ಯೂಟರಿಗೆ ಕೂತು ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೂ ಔರಾದ್ ಬಿಟ್ಟಿರಲಿಲ್ಲ. ಲಕ್ವ ಹೊಡೆದು ಬಲಗೈ ಬಿದ್ದು, ನಾಲಿಗೆ ಹೊರಳದೆ, ಆಡಿದ ಮಾತು ಯಾರಿಗೂ ತಿಳಿಯದಂತಾದಾಗ ಅವ್ವ ಅವಳನ್ನು ಭಾಲ್ಕಿಯ ನಮ್ಮ ಮನೆಗೆ ಕರೆತಂದಳು. ಓದುವುದು, ಬರೆಯುವುದು ಎಲ್ಲ ಸರಿಯಾಗಿಯೇ ಇತ್ತು. ನಾನು ಬೀದರಿನ ಕಾಲೇಜಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತೇನೆ. ಹಳೆಯ ಲ್ಯಾಪ್‌ಟಾಪಿಗೆ ಒಂದು ಸಣ್ಣ ಪ್ರೋಗ್ರಾಮು ಬರೆದುಕೊಟ್ಟೆ. ಅವಳು ಎಡಗೈಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ, ಕೋಣೆಯ ಆ ತುದಿಯಿಂದಲೂ ಓದಬಹುದಾದಷ್ಟು ದೊಡ್ಡದಾಗಿ ಅದು ಪರದೆ ತುಂಬುತ್ತಿತ್ತು. ಅವಳು ಬರೆದ ಮೊದಲ ಸಾಲು: "ಸಾರಿಗೆ ಉಪ್ಪಿಲ್ಲ."

"ಬಾಯಿ ಬಿದ್ರೂ ಬೈಯೋದು ಬಿಡ್ಲಿಲ್ಲ ನೋಡು," ಎಂದಳು ಅವ್ವ.

ಅವಳಿಗೊಂದು ಕಚೇರಿಯ ರೂಢಿ ಉಳಿದಿತ್ತು. ಕಿಟಕಿಯ ಮುಂದೆ ಹೊಸ ಮುಖ ಬಂದು ಕರೆದರೆ, ಅರ್ಧ ತುಂಬಿದ್ದನ್ನು ಕಂಟ್ರೋಲ್-ಸಿ ಒತ್ತಿ ಕಿತ್ತೆಸೆದು ಆಮೇಲೆ ತಲೆ ಎತ್ತುವುದು. ಅಲ್ಲಿಯ ಪರದೆಯಲ್ಲೂ ನನ್ನ ಪ್ರೋಗ್ರಾಮಿನಲ್ಲೂ ಅದು ನಕಲು ಮಾಡುವ ಕೀಲಿಯಲ್ಲ, ನಡೆಯುತ್ತಿದ್ದುದನ್ನು ಅಲ್ಲೇ ತುಂಡರಿಸುವ ಕೀಲಿ. ಒಬ್ಬರ ಹೊಲ ಇನ್ನೊಬ್ಬರ ಹೆಸರಿಗೆ ಸೇರಿಬಿಟ್ಟರೆ ಎಂಬ ಭಯ. ಆ ಎರಡು ಕೀಲಿಗಳೂ ಎಡಗೈಯ ಕಡೆಗಿವೆ, ಅವಳಿಗೆ ಉಳಿದದ್ದೂ ಎಡಗೈಯೇ. ಹಾಗಾಗಿ ಆ ದಿನ ಅವ್ವ ಬಾಗಿಲಲ್ಲಿ ನಿಂತು "ಅಕ್ಕಾ, ಚಾ ಕುಡಿತಿ ಏನು?" ಎಂದಾಗ ಬೆರಳು ತಾನಾಗಿ ಹೋಯಿತು. ಆ ಬಾಣದ ಗುರುತನ್ನೂ ಸಿಯನ್ನೂ ಬಿಟ್ಟು ಪ್ರೋಗ್ರಾಮು ಸತ್ತಿತು. "ನಾ ಹೋದ ಮ್ಯಾಲ ನನಗ" ಎಂಬುದರ ಮುಂದಿನದು ಬರಲೇ ಇಲ್ಲ.

ಮುಂದಿನದು ಏನಿರಬಹುದೆಂದು ಮನೆಯಲ್ಲಿ ಎಲ್ಲರಿಗೂ ಅಂದಾಜಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಅವಳಿಗೆ ಎಲ್ಲಿ ಮಣ್ಣು ಕೊಡಬೇಕು? ಭಾಲ್ಕಿಯ ಹೊಲದಲ್ಲಿ ಅಕ್ಕತಂಗಿಯರ ತಾಯಿ ತಂದೆಯ ಗದ್ದಿಗೆಗಳಿದ್ದವು. ಅವುಗಳ ಪಕ್ಕದ ಜಾಗ ತನಗೂ ಅಕ್ಕನಿಗೂ ಎಂದು ಅವ್ವ ಎಂದೋ ನಿಶ್ಚಯಿಸಿದ್ದಳು. ದೊಡ್ಡವ್ವನ ಗಂಡನನ್ನು ಇಟ್ಟದ್ದು ಔರಾದಿನಲ್ಲಿ.

"ಏನ ಬರಿಲಿಕ್ಕತ್ತಿದ್ದಿ ದೊಡ್ಡವ್ವ? ಮತ್ತ ಬರಿ," ಎಂದೆ. ಅವಳು ಅವ್ವನ ಕಡೆ ನೋಡಿ ತಲೆಯಾಡಿಸಿದಳು, ಬೇಡ ಎನ್ನುವಂತೆ.

ಬೀದರಿಗೆ ಮರಳಿ ಪ್ರೋಗ್ರಾಮು ತೆರೆದೆ. ಕೀಲಿ ಒತ್ತುವುದನ್ನು ಕಾಯುತ್ತ ನಿದ್ದೆಹೋದ ಪ್ರೋಗ್ರಾಮಿಗೆ ಕಂಟ್ರೋಲ್-ಸಿ ಒಂದು ಸಿಗ್ನಲ್ ಆಗಿ ಬಂದು ತಟ್ಟುತ್ತದೆ. ನಾವು ಏನೂ ಹೇಳಿಡದಿದ್ದರೆ ಅದು ಅಲ್ಲೇ ಸಾಯುತ್ತದೆ. ಸಿಗ್ನಲ್ ಬಂದಾಗ ಓಡುವ ತುಣುಕಿಗೆ ಹ್ಯಾಂಡ್ಲರ್ ಎನ್ನುತ್ತೇವೆ. ಅದರೊಳಗೆ ಬರೆಯುವ, ಉಳಿಸುವ ಕೆಲಸ ಮಾಡಬಾರದು, ಯಾವ ಕೆಲಸದ ನಡುವೆ ನುಗ್ಗಿದ್ದೇನೆಂದು ಅದಕ್ಕೆ ಗೊತ್ತಿರುವುದಿಲ್ಲ. ಸಿಗ್ನಲ್ ಬಂದಿದೆ ಎಂದು ಗುರುತಿಗೆ ಒಂದು ಬಾವುಟ ಎತ್ತಿ ಹೊರಬರಬೇಕು, ಅಷ್ಟೇ. ಇದನ್ನು ವರ್ಷ ವರ್ಷ ಪಾಠ ಹೇಳಿದ್ದೇನೆ. ಹಾಗೇ ಬರೆದೆ. ಕೀಲಿಗಾಗಿ ಕಾಯುತ್ತಿದ್ದ ರೀಡ್ ಎಂಬ ಆಜ್ಞೆ ತಾನಾಗಿ ಮತ್ತೆ ನಿದ್ದೆಗೆ ಜಾರದೆ, "ನಡುವೆ ತಡೆದರು" ಎಂದು ವರದಿ ಕೊಟ್ಟು ಮರಳುವಂತೆ ಮಾಡಿದೆ. ಬಾವುಟ ನೋಡುವುದಕ್ಕೂ ಮತ್ತೆ ಕಾಯಲು ಕೂರುವುದಕ್ಕೂ ನಡುವಿನ ಸಂದಿಯಲ್ಲಿ ಸಿಗ್ನಲ್ ಬಂದರೆ ಕಳೆದುಹೋಗುತ್ತದೆ. ಅದಕ್ಕೆ ಸಿಗ್ನಲ್ಲಿಗೆ ಅಗುಳಿ ಹಾಕಿಟ್ಟು, ಕಾಯುವ ಹೊತ್ತಿಗಷ್ಟೇ ತೆಗೆಯುವಂತೆ ಮಾಡಿ ಆ ಸಂದಿಯನ್ನೂ ಮುಚ್ಚಿದೆ.

ಪ್ರೋಗ್ರಾಮು ಸಾಯಲಿಲ್ಲ. ಆದರೂ ಅರ್ಧ ಸಾಲು ಸಿಗಲಿಲ್ಲ. ಎಂಟರ್ ಒತ್ತುವವರೆಗೆ ಆ ಸಾಲು ನನ್ನ ಪ್ರೋಗ್ರಾಮಿನ ಕೈಗೇ ಬಂದಿರುವುದಿಲ್ಲ. ಯಂತ್ರದ ಒಳಗಿನ ಕರ್ನಲ್ ಅದನ್ನು ಹಿಡಿದುಕೊಂಡಿರುತ್ತದೆ, ಕಂಟ್ರೋಲ್-ಸಿ ಬಿದ್ದರೆ ಚೆಲ್ಲಿಬಿಡುತ್ತದೆ. ಅಂದರೆ ನಾನು ಕಳೆದುಕೊಂಡೆ ಎಂದುಕೊಂಡದ್ದು ನನ್ನ ಬಳಿ ಒಂದು ಗಳಿಗೆಯೂ ಇರಲಿಲ್ಲ. ಕಣ್ಣಿಗೆ ಕಂಡದ್ದು ಅದರ ನೆರಳು. ಇದು ತಿಳಿದ ಮೇಲೆ ಆ ಲ್ಯಾಪ್‌ಟಾಪಿನ ಮುಂದೆ ಕೂರಲು ಮನಸ್ಸು ಹಿಂಜರಿಯಿತು. ಕೊನೆಗೆ, ಒತ್ತಿದ ಒಂದೊಂದು ಕೀಲಿಯೂ ಕೂಡಲೇ ನನ್ನ ಕೈಗೆ ಬರುವಂತೆ ಬದಲಿಸಿದೆ.

ಆಗಲೇ ಇನ್ನೊಂದು ಅನುಮಾನ ಹುಟ್ಟಿದ್ದು. ಬೆರಳು ರೂಢಿಯಿಂದ ಹೋಯಿತೋ, ಅವ್ವನ ಕಣ್ಣಿಗೆ ಬೀಳದಿರಲೆಂದು ಹೋಯಿತೋ? ಅಳಿಸಬೇಕೆಂದೇ ಅಳಿಸಿದ್ದನ್ನು ಉಳಿಸಿಡಲು ನಾನು ಯಾರು? ಒಂದು ನಡುದಾರಿ ಹಿಡಿದೆ. ಕಂಟ್ರೋಲ್-ಸಿ ಒತ್ತಿದರೆ ಸಾಲು ಪರದೆಯಿಂದ ಮಾಯವಾಗಬೇಕು, ಮತ್ತೊಮ್ಮೆ ಒತ್ತಿದರೆ ತಿರುಗಿ ಬರಬೇಕು. ದೊಡ್ಡವ್ವನಿಗೆ ತೋರಿಸಿಕೊಟ್ಟೆ. ನಕ್ಕಳು, ಮುಖದ ಒಂದೇ ಬದಿಯಲ್ಲಿ.

ಮುಂದಿನ ಸಲ ಹೋದಾಗ ಮಧ್ಯಾಹ್ನ ಅವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ದೊಡ್ಡವ್ವ ನನ್ನನ್ನು ಹತ್ತಿರ ಕರೆದು ಕಂಟ್ರೋಲ್-ಸಿ ಒತ್ತಿದಳು. ಖಾಲಿ ಪರದೆಯಿಂದ ಸಾಲು ಎದ್ದುಬಂತು: "ನಾ ಹೋದ ಮ್ಯಾಲ ನನಗ". ನಾನಿಲ್ಲದಾಗ ಮತ್ತೆ ಬರೆದು, ಮತ್ತೆ ಅಲ್ಲಿಗೇ ನಿಲ್ಲಿಸಿದ್ದಳು. ಅದನ್ನೇ ನೋಡುತ್ತ ಕೂತಳು. ಆಮೇಲೆ ಅವಳ ಕೈ ಕೀಲಿಮಣೆ ದಾಟಿ ಬಲತುದಿಗೆ ಹೋಯಿತು. ಒಂದೊಂದೇ ಅಕ್ಷರ ಹಿಂದಿನಿಂದ ಅಳಿಸುತ್ತ ಬಂದಳು, ಏನೂ ಉಳಿಯದಂತೆ. ಆಮೇಲೆ ಬರೆದು ಎಂಟರ್ ಒತ್ತಿದಳು: "ನಿಮ್ಮವ್ವ ಬಾಳ ಮಾಡ್ಯಾಳ ನನಗ."

ಸ್ವಲ್ಪ ದಿನಗಳಲ್ಲಿ ದೊಡ್ಡವ್ವ ಹೋದಳು. ಅಂಗಳದಲ್ಲಿ ಜನ ಸೇರಿ, ಹೊಲಕ್ಕೆ ಗುಣಿ ತೋಡಲು ಹೇಳೋಣವೇ ಎಂದು ಅವ್ವನನ್ನು ಕೇಳಿದರು. ಅವಳು ಕಂಬಕ್ಕೆ ಒರಗಿ ಕೂತಿದ್ದಳು.

"ಬ್ಯಾಡ್ರಿ. ಔರಾದಿಗಿ ಒಯ್ಯೋಣು. ಆಕಿ ಗಂಡನ ಬಾಜೂಕ ಇಡೋಣು."

ಎಲ್ಲರೂ ಅವಳ ಮುಖ ನೋಡಿದರು.

"ಆಕಿನೇ ಬರದಿದ್ಳ್ರಿ. ಅವತ್ತ ಚಾ ಕೇಳಲಿಕ್ಕ ಹೋದಾಗ ನಾ ನೋಡೀನಿ. ನಾ ಹೋದ ಮ್ಯಾಲ ನನಗ ಔರಾದಿಗಿ ಅಂತ ಇತ್ತು."

ಇರಲಿಲ್ಲ. ಅವತ್ತು ದೊಡ್ಡವ್ವನ ಪಕ್ಕದಲ್ಲೇ ಕೂತಿದ್ದವನು ನಾನು. ಆದರೆ ನನ್ನ ಕಣ್ಣು ಆಗ ಪರದೆಯ ಮೇಲಿತ್ತೋ, ಬಾಗಿಲಲ್ಲಿದ್ದ ಅವ್ವನ ಮೇಲಿತ್ತೋ? ಅವಳ ಬೆರಳು ಕೊನೆಗೆ ಅಳಿಸಿದ್ದನ್ನು ಅಲ್ಲಿ ಹೇಳಲು ಬಾಯಿ ತೆರೆದೆ, ಅವ್ವ ನನ್ನನ್ನೇ ನೋಡುತ್ತಿದ್ದಳು. ಔರಾದಿಗೆ ಗಾಡಿ ಹೇಳಲು ಎದ್ದೆ.

ಔರಾದಿನಲ್ಲಿ ಮಣ್ಣು ಕೊಟ್ಟು ಭಾಲ್ಕಿಯ ಬಸ್ಸಿನಲ್ಲಿ ಮರಳುವಾಗ ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ನೋಡುತ್ತಲೇ, ನನ್ನ ಕಡೆ ತಿರುಗದೆ ಕೇಳಿದಳು.

"ಔರಾದಿಗಿ ಅಂತ ಇತ್ತಲ್ಲ? ನೀನೂ ನೋಡಿದ್ದಿ ಹೌದಿಲ್ಲೊ?"

"ನೋಡೀನವ್ವ," ಎಂದೆ.

ಅಂದಿನಿಂದ ಆ ಸಾಲನ್ನು ನೆನೆದಾಗಲೆಲ್ಲ ಅದರ ತುದಿಯಲ್ಲಿ ಔರಾದ್ ಇರುತ್ತದೆ. ಎಷ್ಟು ಪ್ರಯತ್ನಿಸಿದರೂ ಅದಿಲ್ಲದ ಪರದೆ ಈಗ ನನಗೆ ಕಾಣುವುದಿಲ್ಲ.