ಗೋಡೆಯಾಚೆ ನಿಲ್ಲುತ್ತಿದ್ದ ಮಗ್ಗ

ಮೊನ್ನೆ ಜಮಖಂಡಿಯ ನನ್ನ ದವಾಖಾನೆಗೆ ಸಾವಳಗಿ ಕಡೆಯ ಒಬ್ಬ ಹೆಂಗಸು ಕಣ್ಣು ತೋರಿಸಲು ಬಂದಿದ್ದಳು. ಉಟ್ಟಿದ್ದು ಹೊಚ್ಚ ಹೊಸ ಕೈಮಗ್ಗದ ಸೀರೆ, ಇನ್ನೂ ಒಮ್ಮೆಯೂ ನೀರು ಕಂಡಿರಲಿಲ್ಲ. ಯಂತ್ರದ ಮೇಲೆ ಗದ್ದ ಇಡಲು ಅವಳು ಮುಂದೆ ಬಾಗಿದಾಗ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನೂಲಿಗೆ ಹಚ್ಚಿ ಒಣಗಿಸಿದ ಗಂಜಿ, ಸ್ವಲ್ಪ ಹುಳಿ, ಸ್ವಲ್ಪ ಮುಗ್ಗಲು... ನಾನು ಮಾತು ನಿಲ್ಲಿಸಿ ಹಾಗೇ ಕೂತುಬಿಟ್ಟೆ. “ಏನಾತ್ರೀ ಅಕ್ಕಾರ, ಕಣ್ಣಾಗ ಏನರ ಐತೇನ್ರೀ?” ಎಂದು ಆಕೆ ಗಾಬರಿಯಾದಳು. ಪಾಪ, ಆಕೆಯ ಕಣ್ಣಲ್ಲಿ ಏನೂ ಇರಲಿಲ್ಲ. ನನ್ನ ಕಿವಿ ಮಾತ್ರ ಬನಹಟ್ಟಿಯ ನಮ್ಮ ಹಳೆಯ ಮನೆಯ ಗೋಡೆಗೆ ಹತ್ತಿಕೊಂಡಿತ್ತು.

ಅದು ಎಂಬತ್ತರ ದಶಕ. ಎಂ.ಬಿ.ಬಿ.ಎಸ್. ಮುಗಿಸಿ, ಹುಬ್ಬಳ್ಳಿಯಲ್ಲಿ ವರ್ಷವೊಪ್ಪತ್ತು ದುಡಿದು, ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದಿದ್ದೆ. ಕಣ್ಣಿನ ಡಾಕ್ಟರಾಗಬೇಕೆಂಬ ಹುಚ್ಚು ನನಗೆ. ಅದಕ್ಕೆ ಇನ್ನೊಂದು ಪ್ರವೇಶ ಪರೀಕ್ಷೆ ಬರೆಯಬೇಕು. ಸೀಟುಗಳು ಬೆರಳೆಣಿಕೆಯಷ್ಟು, ಬರೆಯುವವರು ರಾಜ್ಯದ ತುಂಬ. ಉಳಿದ ವಿಷಯಗಳನ್ನು ಹುಬ್ಬಳ್ಳಿಯಲ್ಲೇ ಓದಿ ಮುಗಿಸಿದ್ದೆ. ಕಣ್ಣಿನ ದೊಡ್ಡ ಪುಸ್ತಕವೊಂದನ್ನು ಉಳಿದ ತೊಂಬತ್ತು ದಿನಕ್ಕೆ ಹಂಚಬೇಕಿತ್ತು.

ಆ ತೊಂಬತ್ತು ದಿನದಲ್ಲಿ ನನಗೊಂದು ಸೀಟು ಬೇಕಿತ್ತು. ಗೋಡೆಯ ಆಚೆ ಇದ್ದವಳಿಗೆ ತನ್ನ ಉಳಿದ ಒಂದು ಕಣ್ಣು ಬೇಕಿತ್ತು. ಅವಳಿಗೆ ಅದು ಸಿಗಲಿಲ್ಲ. ಈಗಲೇ ಹೇಳಿಬಿಡುತ್ತೇನೆ, ಕಡೆಯವರೆಗೆ ಮುಚ್ಚಿಟ್ಟುಕೊಂಡು ಹೇಳುವ ಧೈರ್ಯ ನನಗಿಲ್ಲ.

ಅವಳನ್ನು ನಾವು ಅತ್ತಿ ಅನ್ನುತ್ತಿದ್ದೆವು. ರಕ್ತಸಂಬಂಧವೇನಲ್ಲ, ಗೋಡೆಸಂಬಂಧ. ನಮ್ಮ ಎರಡೂ ಮನೆಗೆ ಒಂದೇ ನಡುಗೋಡೆ, ಅದರಲ್ಲಿ ಎದೆಮಟ್ಟಕ್ಕೆ ಒಂದು ಗೇಣಗಲ ಕಿಂಡಿ. ಮಜ್ಜಿಗೆ, ಹೆಪ್ಪು, ಕಡ್ಡಿಪೆಟ್ಟಿಗೆ, ಊರಿನ ಸುದ್ದಿ ಎಲ್ಲ ಆ ಕಿಂಡಿಯಲ್ಲೇ ದಾಟುತ್ತಿದ್ದವು. ಗಂಡ ತೀರಿದ ಮೇಲೆ ನೆಲ ಅಗೆದ ಕುಣಿಯಲ್ಲಿ ಹೂಡಿದ್ದ ಅವನ ಕುಣಿಮಗ್ಗಕ್ಕೆ ತಾನೇ ಇಳಿದು ಕೂತವಳು ಅತ್ತಿ. ಮಕ್ಕಳಿಲ್ಲ. ಮಗ್ಗವೇ ಗಂಡ, ಮಗ್ಗವೇ ಮಗ. ನಸುಕಿನಲ್ಲಿ ಶುರುವಾದ ಖಟಪಟ ಸಂಜೆಯ ತನಕ ನಮ್ಮ ಗೋಡೆಯೊಳಗೆ ಕೇಳುತ್ತಲೇ ಇರುತ್ತಿತ್ತು. ಆ ಸದ್ದಿಲ್ಲದೆ ನನಗೆ ಮಧ್ಯಾಹ್ನದ ನಿದ್ದೆಯೂ ಬಾರದು, ಓದೂ ಹತ್ತದು.

ಓದುವುದಕ್ಕಿಂತ ಟೈಮ್‌ಟೇಬಲ್ ಬರೆಯುವುದರಲ್ಲೇ ನನಗೆ ಉಮೇದು ಹೆಚ್ಚು. ಈ ಚಟ ಇದ್ದವರಿಗೆ ಗೊತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು, ಮನೆ ಮಾಡಿ, ರೆಪ್ಪೆಗೊಂದು ಬಣ್ಣ, ಕಣ್ಣಪಾಪೆಗೊಂದು ಬಣ್ಣ ಬಳಿಯುತ್ತ ಮೂರು ದಿನ ಕಳೆದೆ. “ಹಂದರ ಹಾಕೂದ್ರಾಗ ಮದುವಿ ಮುಗೀತೈತಿ ನೋಡು” ಎಂದು ಅವ್ವ ಚುಚ್ಚಿದಳು. ಅಷ್ಟರಲ್ಲಿ ಅತ್ತಿ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. ಹಾಳೆಯ ಮೇಲೆ ಬೆರಳಾಡಿಸಿದಳು. ಒಂದೊಂದೇ ಮನೆಯ ಗೆರೆ ಮುಟ್ಟುತ್ತ ಹೋದಳು. ನೇಕಾರರಿಗೆ ಎಲ್ಲವನ್ನೂ ಮುಟ್ಟಿ ನೋಡುವ ರೂಢಿ ಅಂತ ನಾನು ಸುಮ್ಮನಿದ್ದೆ.

“ಎಷ್ಟ ದಿನದ ಹಾಸಬೇ ಇದು?” ಅಂದಳು. ಹಾಸು ಅಂದರೆ ನೇಯುವ ಮೊದಲು ಮಗ್ಗಕ್ಕೆ ಹೂಡುವ ಉದ್ದನೆಯ ಎಳೆಗಳು.

“ತೊಂಬತ್ತು ದಿನ, ಅತ್ತೀ.”

“ಮೊದಲನೇ ವಾರಕ್ಕ ಏನ ಇಟ್ಟೀದಿ?”

“ಎಲ್ಲಾದಕ್ಕಿಂತ ಕಠಿಣ ಪಾಠ. ಕಣ್ಣಿನ ಒಳಗ ಒತ್ತಡ ಏರೂ ರೋಗ.”

ಅತ್ತಿ ನಾಲಗೆ ಲೊಚಗುಟ್ಟಿದಳು. “ಹುಚ್ಚಿ ಅದೀ ನೀ. ಕಠಿಣ ಇದ್ದದ್ದ ಮೊದಲ ಹಿಡದ್ರ ಕೈ ಅಂಜತೈತಿ. ಮೊದಲ ಸೀರಿ ಮೈ ನೇಯಬೇಕು. ಕಸೂತಿಯಂಥಾ ಕೆಲಸ ಕಡೀಕ ತಗೋಬೇಕು. ಅಷ್ಟೊತ್ತಿಗೆ ಕೈ ಕುದರಿರತೈತಿ.”

ಮಾತು ಖರೆ ಅನ್ನಿಸಿತು. ಗ್ಲಾಕೋಮಾ ಎಂದು ಬರೆದದ್ದನ್ನು ರಬ್ಬರಿನಿಂದ ಅಳಿಸಿ ಕಡೆಯ ವಾರಕ್ಕೆ ಒಯ್ದೆ. ಅಳಿಸುವಾಗ ಅತ್ತಿ ಹಾಳೆ ಅಲುಗದಂತೆ ಹಿಡಿದುಕೊಂಡಿದ್ದಳು... ಈಗಲೂ ಆ ಕೈ ಕಣ್ಣಿಗೆ ಕಟ್ಟುತ್ತದೆ.

ನನ್ನ ಓದು ಒಂದು ನಮೂನೆ. ಕನ್ನಡ ಸಾಲಿಯಲ್ಲಿ ಕಲಿತವಳು ನಾನು. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಯಾರಿಗಾದರೂ ಹೇಳಿದರೇ ತಲೆಯಲ್ಲಿ ನಿಲ್ಲುವುದು. ಕೇಳುವ ಪುರುಸೊತ್ತು ಅವ್ವನಿಗೆಲ್ಲಿ? ಹೀಗಾಗಿ ಗೋಡೆಯ ಕಡೆ ಮುಖ ಮಾಡಿ ಕೂತು ಗೋಡೆಗೇ ಪಾಠ ಹೇಳುತ್ತಿದ್ದೆ. ಈ ರೋಗ ಬಂದರೆ ಕಣ್ಣು ಹೀಗಾಗುತ್ತದೆ, ರೋಗಿ ಹೀಗೆ ಹೇಳುತ್ತಾನೆ, ನಾವು ಹೀಗೆ ನೋಡಬೇಕು.

ಮೂರೋ ನಾಲ್ಕೋ ದಿನಕ್ಕೆ ಒಂದು ಸಂಗತಿ ಲಕ್ಷ್ಯಕ್ಕೆ ಬಂತು. ನಾನು ರೋಗದ ಲಕ್ಷಣ ಹೇಳಲು ಶುರು ಮಾಡಿದ ಕೂಡಲೇ ಆಚೆಯ ಮಗ್ಗ ನಿಲ್ಲುತ್ತಿತ್ತು. ಚಿಕಿತ್ಸೆಗೆ ಬಂದೆನೆಂದರೆ ಮತ್ತೆ ಖಟಪಟ ಶುರು. ನೂಲು ಹರಿದಿರಬೇಕು ಅಂದುಕೊಂಡೆ. ಮರುದಿನವೂ ಹಾಗೇ ಆಯಿತು. ಒಮ್ಮೆ ಬೇಕಂತಲೇ ಮಾತು ನಡುವೆ ನಿಲ್ಲಿಸಿ ನೋಡಿದೆ. ಆಚೆಯೂ ಸದ್ದಿಲ್ಲ. ಉಸಿರಿಲ್ಲ, ಕೆಮ್ಮಿಲ್ಲ, ಸೀರೆಯ ಸರಬರ ಸದ್ದಿಲ್ಲ. ಮಟಮಟ ಮಧ್ಯಾಹ್ನ, ಹೊರಗೆ ಬಿಸಿಲು ಸುರಿಯುತ್ತಿದೆ, ಓಣಿಯಲ್ಲಿ ಜನ ಓಡಾಡುತ್ತಿದ್ದಾರೆ. ನನಗೆ ಮಾತ್ರ ಗೋಡೆಯೇ ಕಿವಿ ಕೊಟ್ಟು ಕೂತಂತೆ ಅನ್ನಿಸಿ ಮೈ ಜುಮ್ಮೆಂದಿತು. ಹೆದರಿಕೆಯನ್ನು ನುಂಗಿಕೊಂಡು ಮುಂದಿನ ಸಾಲು ಓದಿದೆ.

ದಿನಾ ಬೆಳಿಗ್ಗೆ ಕಿಂಡಿಯಲ್ಲಿ ದನಿ ಬರುತ್ತಿತ್ತು. “ಇವತ್ತ ಯಾವ ರೋಗಬೇ?”

“ಮೋತಿಬಿಂದು, ಅತ್ತೀ. ಕಣ್ಣಿಗೆ ಪೊರಿ ಬರೂದು.”

“ಹೂಂ. ಓದು, ಓದು.”

ನನ್ನ ಮೇಲಿನ ಅಕ್ಕರೆಗೆ ಕೇಳುತ್ತಾಳೆ ಅಂತ ನಾನು ಉಬ್ಬಿಹೋಗುತ್ತಿದ್ದೆ. ಸಂಜೆಗೆ ಇನ್ನೊಂದು ಪ್ರಶ್ನೆ: “ನಾಳಿಗೆ ಯಾವದು?” ಹೇಳಿದರೆ ಆಚೆಯಿಂದ ಒಂದು ನಿಟ್ಟುಸಿರು ಕೇಳಿಸುತ್ತಿತ್ತು, ಅಷ್ಟೇ.

ಈ ನಡುವೆ ಅತ್ತಿ ನಮ್ಮ ಮನೆಗೆ ಬಂದಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದಳು. ಮಾತಾಡುವಾಗ ಕತ್ತನ್ನು ಕೋಳಿಯಂತೆ ಪೂರ್ತಿ ತಿರುಗಿಸಿ ನೋಡುತ್ತಿದ್ದಳು. ಅಂಚಿನ ಕೆಂಪು ನೂಲನ್ನು ಬೇರೆ ಮಾಡಿಕೊಡೆಂದು ಅವ್ವನನ್ನು ಕರೆಯುತ್ತಿದ್ದಳು. ಎಲ್ಲವನ್ನೂ ನೋಡಿದ್ದೇನೆ. ಇವೇ ಮಾತು ನನ್ನ ಪುಸ್ತಕದಲ್ಲೂ ಇದ್ದವು, ಆದರೆ ಆ ಹಾಳೆ ತೆರೆಯುವ ದಿನ ಇನ್ನೂ ಬಂದಿರಲಿಲ್ಲ. ದೀಪದ ಬುಡಕ್ಕೆ ಕತ್ತಲೆ ಅಂತಾರಲ್ಲ, ಆ ದೀಪ ನಾನೇ.

ಐವತ್ತನೆಯ ದಿನದ ಆಚೀಚೆ ಇರಬೇಕು, ಒಂದು ಮುಂಜಾನೆ ಮಗ್ಗದ ಸದ್ದೇ ಬರಲಿಲ್ಲ. ಅವ್ವ ಹೋಗಿ ನೋಡಿ ಬಂದಳು. “ತಲಿ ಒಡದಂಗ ಆಗಾಕತ್ತೈತಂತ. ಎರಡ ಸಲ ವಾಂತಿ ಆತಂತ. ಪಿತ್ತ ಏರಿರಬೇಕು. ಹೋಗಿ ಒಂದೀಟ ನೋಡಬೇ.” ಅಂದು ಅಕ್ಷಿಪಟಲದ ಪಾಠ, ನಲವತ್ತು ಪುಟ. ಆ ದಿನದ ಮನೆ ಖಾಲಿ ಉಳಿದರೆ ಮುಂದಿನದೆಲ್ಲ ಏರುಪೇರು. ನಾನು ಕುರ್ಚಿಯಿಂದ ಏಳಲಿಲ್ಲ. ತಲೆನೋವಿಗೆ ಒಂದು, ವಾಂತಿಗೆ ಒಂದು ಗುಳಿಗೆ ಚೀಟಿಯಲ್ಲಿ ಕಟ್ಟಿ ಕಿಂಡಿಯಲ್ಲಿ ಇಟ್ಟೆ. ಒಂದು ಕೈ ಬಂತು. ಕಿಂಡಿಯ ತಳವನ್ನೆಲ್ಲ ತಡವಿ, ಚೀಟಿ ಸಿಕ್ಕ ಮೇಲೆ ಒಳಗೆ ಹೋಯಿತು. “ಛಲೋ ಆಗಲಿ ಯವ್ವಾ” ಅಂತ ಕ್ಷೀಣ ದನಿ ಕೇಳಿತು.

ಮೂರು ದಿನದ ಮೇಲೆ ಮಗ್ಗ ಮತ್ತೆ ಶುರುವಾಯಿತು. ಆದರೆ ಅದರ ನಡಿಗೆ ಬದಲಾಗಿತ್ತು. ಒಂದು ಏಟು, ಆಮೇಲೆ ತಡಕಾಟ, ಮತ್ತೊಂದು ಏಟು... ಯಾರೋ ಹೊಸಬರು ಆ ಕುಣಿಯಲ್ಲಿ ಇಳಿದು ಕೂತಿದ್ದಾರೇನೋ ಅನ್ನಿಸುತ್ತಿತ್ತು. ವಯಸ್ಸಾಯಿತು ಅತ್ತಿಗೆ ಅಂದುಕೊಂಡು ನನ್ನ ಓದಿನಲ್ಲಿ ಮುಳುಗಿದೆ.

ಕಡೆಯ ವಾರ ಬಂತು. ಆ ದಿನ ಬೆಳಿಗ್ಗೆ ಕಿಂಡಿಯಿಂದ ಪ್ರಶ್ನೆ ಬರಲಿಲ್ಲ, ಹಿಂದಿನ ಸಂಜೆ ಹೇಳಿದ್ದೇ ಸಾಕಾಗಿರಬೇಕು ಅಂದುಕೊಂಡೆ. ನಾನು ಗೋಡೆಗೆ ಮುಖ ಮಾಡಿ ಶುರು ಮಾಡಿದೆ. “ಈ ರೋಗದಾಗ ಕಣ್ಣಿನ ಒಳಗ ಒತ್ತಡ ಏರತೈತಿ. ರೋಗಿ ಹೇಳತಾರ: ದೀಪದ ಸುತ್ತ ಬಣ್ಣಬಣ್ಣದ ಬಳಿ ಕಾಣತಾವು...”

ಮಗ್ಗ ನಿಂತಿತು.

“ಅಕ್ಕಪಕ್ಕದ್ದು ಕಾಣಂಗಿಲ್ಲ, ಕೊಳವಿಯೊಳಗಿಂದ ನೋಡಿದಂಗ ಆಗತೈತಿ. ಕೆಲವೊಬ್ಬರಿಗೆ ಒಮ್ಮಿಂದೊಮ್ಮಿ ತಲಿ ಒಡದಂಗ ನೋವು, ವಾಂತಿ. ಮಂದಿ ಪಿತ್ತ ಅಂತ ತಿಳೀತಾರ...”

ಪಿತ್ತ ಅಂದದ್ದೇ ಆ ದಿನದ ಅವ್ವನ ಮಾತು ನೆನಪಾಯಿತು. ಕಿಂಡಿಯ ಕಡೆ ತಿರುಗಿದೆ. ಅಲ್ಲಿ ಒಂದು ಕಣ್ಣಿತ್ತು. ಒಂದೇ ಕಣ್ಣು, ಉಳಿದ ಮುಖವೆಲ್ಲ ಗೋಡೆಯ ಮರೆಗೆ. ಅದು ರೆಪ್ಪೆ ಬಡಿಯದೆ ನನ್ನ ಕಡೆಗೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ನಡುವಿನ ಕಪ್ಪು ಅಗಲವಾಗಿ ಹರಡಿ ಒಳಗೆ ಹಸಿರು ಛಾಯೆ ಇಳಿದಿತ್ತು. ಟಾರ್ಚ್ ತಗೊಂಡು ಬೆಳಕು ಬಿಟ್ಟೆ. ಕಪ್ಪು ಕುಗ್ಗಲಿಲ್ಲ. ಬೆಳಕು ಬಿದ್ದದ್ದು ಆ ಕಣ್ಣಿಗೆ ಗೊತ್ತೇ ಆಗಲಿಲ್ಲ.

“ಇನ್ನೊಮ್ಮಿ ಓದಬೇ” ಅಂದಿತು ಅತ್ತಿಯ ದನಿ. “ಆ ದೀಪದ್ದು ಇನ್ನೊಮ್ಮಿ ಓದು. ಅದು ನಂದ. ನಂದ ರೋಗ.”

ಓಡಿಹೋದೆ. ಅತ್ತಿ ಗೋಡೆಗೆ ಒರಗಿ ನಿಂತಿದ್ದಳು, ಮುಖದಲ್ಲಿ ಕಳೆದದ್ದು ಸಿಕ್ಕವರ ಸಮಾಧಾನ. ಬಲಗಣ್ಣು ಎಂದೋ ಹೋಗಿತ್ತಂತೆ. ಎಡಗಣ್ಣು ಮಂದವಾಗುತ್ತ ಬಂದು, ಆ ತಲೆನೋವಿನ ದಿನ ಪೂರ್ತಿ ಆರಿತ್ತು. ಕಣ್ಣು ಕಾಣದೆಂದು ಗೊತ್ತಾದರೆ ಸಾಹುಕಾರ ನೂಲು ಕೊಡುವುದು ಬಿಡುತ್ತಾನೆ, ಮಗ್ಗ ಹೋಗುತ್ತದೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ನಾನು ಕಣ್ಣಿನ ರೋಗಗಳನ್ನೆಲ್ಲ ಗಟ್ಟಿಯಾಗಿ ಓದುತ್ತೇನಲ್ಲ, ತನ್ನದೂ ಒಂದು ದಿನ ಬಂದೇ ಬರುತ್ತದೆ, ಔಷಧವೂ ಅದರ ಬೆನ್ನಿಗೇ ಬರುತ್ತದೆ ಅಂತ ಕಾಯುತ್ತಿದ್ದಳು.

“ನನಗ ಯಾಕ ಕೇಳಲಿಲ್ಲ ಅತ್ತೀ?” ಅಂತ ಕಿರುಚಿದೆ. ಸಿಟ್ಟು ಯಾರ ಮೇಲೆ, ದೇವರೇ ಬಲ್ಲ.

“ನೀ ಹಾಸು ಹೂಡಿದ್ದಿಯಲ್ಲಬೇ. ಹೂಡಿದ ಹಾಸಿನ್ಯಾಗ ನಡಬರಕ ಎಳಿ ಜಗ್ಗಬಾರದು. ನಂದೊಂದು ಎಳಿ ಜಗ್ಗಿದ್ರ ನಿಂದೆಲ್ಲಾ ಗೋಜಲ ಆಕ್ಕಿತ್ತು.” ಆಮೇಲೆ ಮೆಲ್ಲಗೆ ಕೇಳಿದಳು: “ಔಷಧದ್ದು ಓದಲಿಲ್ಲಲ್ಲ? ಓದು ಮತ್ತ.”

ಮರುದಿನವೇ ಮಿರಜಿಗೆ ಕರೆದುಕೊಂಡು ಹೋದೆ. ಅಲ್ಲಿನ ಹಿರಿಯ ಡಾಕ್ಟರು ಬಹಳ ಹೊತ್ತು ನೋಡಿ, ನರ ಸತ್ತಿದೆ, ಇನ್ನು ಏನು ಮಾಡಿದರೂ ದೃಷ್ಟಿ ಬಾರದು ಎಂದರು. ಆ ತಲೆನೋವು, ವಾಂತಿ ಬಂದ ದಿನವೇ ತಂದಿದ್ದರೆ ಒಂದು ಕಣ್ಣಾದರೂ ಉಳಿಯುತ್ತಿತ್ತೇನೋ ಎಂದರು. “ಆಗ ಗುಳಿಗೆ ಕೊಟ್ಟವರು ಯಾರು?” ಅಂತ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿ, “ನಾನ ಪ್ಯಾಟ್ಯಾಗ ತಗೊಂಡ್ನಿರೀ” ಅಂದುಬಿಟ್ಟಳು. ನಾನು ಅದನ್ನು ತಿದ್ದಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ಪರೀಕ್ಷೆಗೆ ಹೋಗಲಾರೆ ಅಂತ ಹಟ ಹಿಡಿದೆ. ಅತ್ತಿಯೇ ಬೈದು ಕಳಿಸಿದಳು. ಪ್ರಶ್ನೆಪತ್ರಿಕೆಯ ನಡುವೆ ಎಲ್ಲೋ ಅದು ಇತ್ತು: ವಯಸ್ಸಾದ ಹೆಂಗಸು, ತೀವ್ರ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ, ಕುಗ್ಗದ ಕಣ್ಣಪಾಪೆ. ನೀವು ಮೊದಲು ಏನು ಮಾಡುತ್ತೀರಿ? ಅದನ್ನು ಓದುತ್ತಿದ್ದಂತೆ ತಲೆಯ ಮೇಲಿನ ಫ್ಯಾನು ನಿಂತಿತು. ಕರೆಂಟು ಹೋಗಿತ್ತು, ಅಷ್ಟೇ. ಆದರೆ ಆ ಸದ್ದಿಲ್ಲದ ಪರೀಕ್ಷಾ ಕೋಣೆಯಲ್ಲಿ ಯಾರೋ ಉಸಿರು ಬಿಗಿಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ ಅಂತ ನನಗೆ ಖಂಡಿತ ಅನ್ನಿಸಿತು. ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಸರಿಯುತ್ತರಕ್ಕೆ ಗುರುತು ಹಾಕಿದೆ.

ಸೀಟು ಸಿಕ್ಕಿತು. ಹೇಳಲು ಹೋದಾಗ ಅತ್ತಿ ಮಗ್ಗವಿಲ್ಲದ ಕುಣಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ಬಾಯಿಗೆ ಸಕ್ಕರೆ ಹಾಕಿದೆ. ಅದನ್ನು ಚಪ್ಪರಿಸುತ್ತ ಕೇಳಿದಳು: “ನಂದು ಬಂದಿತ್ತೇನ ಪರೀಕ್ಷಾದಾಗ?”

“ಬಂದಿತ್ತು ಅತ್ತೀ.”

“ಸರೀ ಬರದೇನ?”

“ಬರದೆ.”

ಅತ್ತಿ ಚಪ್ಪಾಳೆ ತಟ್ಟಿ ನಕ್ಕಳು. ಕಿಂಡಿಯ ಕಡೆ ಕತ್ತು ತಿರುಗಿಸಿ, “ಏ, ಕೇಳಿದೇನ! ನನ್ನ ರೋಗಾನ ಬಂದಿತ್ತಂತ! ನಿನ್ನ ಮಗಳು ಸರೀ ಬರದಾಳಂತ!” ಎಂದು ನಮ್ಮವ್ವನಿಗೆ ಕೂಗಿ ಹೇಳಿದಳು. ಆಮೇಲೆ ಓಣಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದಳಂತೆ. ನಾನು ಎರಡನೆಯ ವರ್ಷದ ಓದಿನಲ್ಲಿದ್ದಾಗ ಅವಳು ತೀರಿಕೊಂಡಳೆಂದು ಪತ್ರ ಬಂತು. ಮಣ್ಣಿಗೆ ಹೋಗಲಿಕ್ಕೂ ಆಗಲಿಲ್ಲ.

ಸಾವಳಗಿಯ ಹೆಂಗಸನ್ನು ಕಳಿಸಿ ಕೈ ತೊಳೆದುಕೊಂಡೆ. ಇಷ್ಟು ವರ್ಷದಲ್ಲಿ ಎಷ್ಟೋ ಜನರ ಕಣ್ಣು ನನ್ನ ಕೈಯಲ್ಲಿ ಉಳಿದಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಒಬ್ಬಳಿದ್ದಳು, ನನ್ನಿಂದ ನಾಲ್ಕು ಮೊಳ ದೂರದಲ್ಲಿ. ದಿನಾ ಎರಡು ಹೊತ್ತು ಕೇಳುತ್ತಿದ್ದಳು. ಆ ತೊಂಬತ್ತು ದಿನದಲ್ಲಿ ನಾನು ಅವಳ ಕಣ್ಣನ್ನು ಸರಿಯಾಗಿ ನೋಡಿದ್ದು ಒಂದೇ ಒಂದು ಸಲ. ಆ ಹೊತ್ತಿಗೆ ಅವಳಿಗೆ ನಾನು ಕಾಣುತ್ತಿರಲಿಲ್ಲ.