ಹತ್ತನೆಯವನಿಗಾಗಿ ಕೆಳಗಿಳಿದ ಟೆಲಿಸ್ಕೋಪ್

1996ರಲ್ಲಿ ನಾನು ಸಿಂಗಾಪುರದ ಬೂನ್ ಲೇಯಲ್ಲಿ ರಿಗ್ಗಿಂಗ್ ಕಾಂಟ್ರಾಕ್ಟರ್ ಆಗಿದ್ದೆ. ರಿಗ್ಗಿಂಗ್ ಎಂದರೆ ಭಾರವಾದ ಯಂತ್ರಗಳನ್ನು ಬೆಲ್ಟು, ಸರಪಳಿ, ಕ್ರೇನುಗಳಿಂದ ಎತ್ತಿ ಬೇಕಾದ ಜಾಗದಲ್ಲಿ ಕೂರಿಸುವ ಕೆಲಸ. ಉಡುಪಿಯಿಂದ ಬಂದು ಹಡಗು ಕಟ್ಟುವ ಯಾರ್ಡಿನಲ್ಲಿ ಕೂಲಿಯಾಗಿ ಸೇರಿದವನು, ಹದಿನಾರು ವರ್ಷಗಳಲ್ಲಿ ಒಂದು ಲಾರಿ, ಒಂದು ಶೆಡ್, ಐದು ಜನ ಕೆಲಸಗಾರರು ಎನ್ನುವ ಮಟ್ಟಕ್ಕೆ ಬಂದಿದ್ದೆ. ಕ್ರೇನ್ ಮಾತ್ರ ಸ್ವಂತದ್ದಲ್ಲ, ಬಾಡಿಗೆಯದು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಇಬ್ಬರೇ. ಅವರಲ್ಲಿ ಒಬ್ಬರು ಮಿಸ್ಟರ್ ಎಜ್ರಾ.

ಎಜ್ರಾ ಯೆಹೂದಿ. ಅವರ ಅಜ್ಜ ಬಾಗ್ದಾದಿನಿಂದ ಕಲ್ಕತ್ತೆಗೆ, ಅಲ್ಲಿಂದ ಸಿಂಗಾಪುರಕ್ಕೆ ಬಂದವರಂತೆ. ನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಲೆನ್ಸ್ ಉಜ್ಜುವ ವರ್ಕ್‌ಶಾಪ್ ಇಟ್ಟಿದ್ದರು. ವಯಸ್ಸು ಅರವತ್ತು ದಾಟಿತ್ತು. ಬಿಡುವಿನಲ್ಲಿ ಕೂತು, ಏಳು ವರ್ಷ ತಮ್ಮ ಕೈಯಿಂದಲೇ ಹದಿನಾರು ಇಂಚಿನ ಕನ್ನಡಿಯೊಂದನ್ನು ಉಜ್ಜಿ, ದೊಡ್ಡ ಟೆಲಿಸ್ಕೋಪ್ ಮಾಡಿಕೊಂಡಿದ್ದರು. ಸ್ಟ್ಯಾಂಡ್, ಮರದ ಪೆಟ್ಟಿಗೆ ಎಲ್ಲ ಸೇರಿ 380 ಕಿಲೋ. ಅದನ್ನು ತಾರಸಿಗೆ ಏರಿಸಬೇಕಿತ್ತು. ನಾನು ಹೇಳಿದ ರೇಟನ್ನು ಕಾಲು ಭಾಗ ಇಳಿಸಿ, ಆಮೇಲೆ ತಾವೇ ಚಹಾ ತರಿಸಿಕೊಟ್ಟ ಮನುಷ್ಯ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಜಾಗ ನೋಡಲು ಹೋದ ಸಂಜೆ, ತಮ್ಮ ಹಳೆಯ ಚಿಕ್ಕ ಟೆಲಿಸ್ಕೋಪಿನಲ್ಲಿ ಅವರು ನನಗೊಂದು ಮಸುಕು ಕಲೆಯನ್ನು ತೋರಿಸಿದರು. ದೂರದ ನಕ್ಷತ್ರಪುಂಜವಂತೆ; ಉಗುರಿನಿಂದ ಹಿಟ್ಟು ಒರೆಸಿದಷ್ಟೇ ಇತ್ತು. “ಈ ಬೆಳಕು ಅಲ್ಲಿಂದ ಹೊರಟಾಗ ಭೂಮಿ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ” ಎಂದರು. ಇಷ್ಟು ದೊಡ್ಡದರ ಎದುರು ನನ್ನ ಲಾರಿ ಎಷ್ಟರದು, ನಾನೆಷ್ಟರವನು! ಇದನ್ನು ದಿನಾ ನೋಡುವ ಇವರಿಗೆ ಬೆಳಿಗ್ಗೆ ಎದ್ದು ವರ್ಕ್‌ಶಾಪಿನ ಬೀಗ ತೆಗೆಯಲು ಮನಸ್ಸಾದರೂ ಹೇಗೆ ಬರುತ್ತದೆ ಎಂದು ಯೋಚಿಸಿದೆ. ಕೇಳಲಿಲ್ಲ.

ಕೆಲಸದ ದಿನ ಬುಧವಾರ. ಮೂರು ಗಂಟೆಗೇ ಎತ್ತಬೇಕಿತ್ತು. ಗಾಳಿ ಬಿಡಲಿಲ್ಲ. ತೂಗುವ ಪೆಟ್ಟಿಗೆಗೆ ಗಾಳಿ ಸಿಕ್ಕರೆ ಅದು ಬುಗುರಿಯಂತೆ ತಿರುಗಿ ಗೋಡೆಗೆ ಬಡಿಯುತ್ತದೆ. ಇಂಥಲ್ಲಿ ಅವಸರ ಮಾಡಿದವರ ಕಥೆಗಳು ನನಗೆ ಗೊತ್ತು. 5.40ಕ್ಕೆ ಗಾಳಿ ನಿಂತಿತು. ಕ್ರೇನಿನ ಬಾಡಿಗೆ 6.30ರವರೆಗೆ ಮಾತ್ರ. ಅದು ಬಿಟ್ಟರೆ ಮೂರು ವಾರ ಕ್ರೇನ್ ಸಿಗುವುದಿಲ್ಲ. ಪೆಟ್ಟಿಗೆ ನೆಲ ಬಿಟ್ಟು ಆಳೆತ್ತರ ಏರಿತ್ತು. ಅಷ್ಟರಲ್ಲಿ ಎಜ್ರಾ ಅವರ ಹ್ಯಾಂಡ್‌ಫೋನ್ ಹೊಡೆದುಕೊಂಡಿತು. ಅರ್ಧ ನಿಮಿಷ ಕೇಳಿಸಿಕೊಂಡು, “ಬರ್ತೀನಿ” ಎಂದು ಫೋನ್ ಇಟ್ಟು, ನನ್ನ ಕಡೆ ತಿರುಗಿದರು.

“ಬಾಸ್, ಕೆಳಗಿಳಿಸು. ನಾನು ಹೋಗ್ಬೇಕು.”

“ಸರ್, ಇನ್ನು ನಲವತ್ತೇ ನಿಮಿಷ!”

ಕರೆ ಬಂದದ್ದು ಯೆಹೂದಿಗಳ ಪ್ರಾರ್ಥನಾಲಯದಿಂದ. ವಿಷಯ ಇಷ್ಟು. ಎಂಬತ್ತೆರಡು ವರ್ಷದ ಮೇಯರ್ ಎಂಬ ಹೆಸರಿನ ಹಿರಿಯರೊಬ್ಬರ ಮಗ ಹರೆಯದಲ್ಲೇ ತೀರಿಕೊಂಡಿದ್ದ. ಅಂದು ಅವನ ಸಾವಿನ ವಾರ್ಷಿಕ ದಿನ. ಆ ದಿನ ತಂದೆ ಒಂದು ಪ್ರಾರ್ಥನೆ ಹೇಳಬೇಕು; ಅದನ್ನು ಒಬ್ಬರೇ ಹೇಳುವ ಹಾಗಿಲ್ಲ, ಅವರ ಪ್ರಾರ್ಥನಾಲಯದಲ್ಲಿ ಹತ್ತು ಜನ ಗಂಡಸರು ಸೇರಿರಬೇಕು. ಹಿಂದಿನ ಸಂಜೆ ಸೇರಿದ್ದು ಒಂಬತ್ತು ಜನ. ಬೆಳಿಗ್ಗೆಯೂ ಒಂಬತ್ತೇ. ಈಗಲೂ ಒಂಬತ್ತು. ಅವರ ಲೆಕ್ಕದಲ್ಲಿ ದಿನ ಸಂಜೆಯಿಂದ ಸಂಜೆಗೆ; ಸೂರ್ಯ ಮುಳುಗಿದರೆ ಆ ದಿನವೂ ಮುಗಿಯಿತು.

ನನ್ನ ಫೋರ್‌ಮನ್ ದಿನಕರ ನಮ್ಮೂರ ಕಡೆಯವನು, ಜುರಾಂಗ್ ವೆಸ್ಟಿನಲ್ಲಿ ಸಂಸಾರ ಹೂಡಿದ್ದ. ಅವನು ನನ್ನ ಕಿವಿಯ ಹತ್ತಿರ ಬಂದ. “ಅಣ್ಣಾ, ಒಂಬತ್ತು ಜನ ಇದ್ದಾರಲ್ಲ, ಸಾಕಾಗಲ್ವಾ? ದೇವರೇನು ಅಟೆಂಡೆನ್ಸ್ ತಗೋತಾನಾ?”

ನಾನೂ ಬಿಡಲಿಲ್ಲ. “ಸರ್, ನೀವು ಇಲ್ಲಿರಿ, ನಾನೇ ಹೋಗಿ ನಿಲ್ತೀನಿ. ಚಾರ್ಜ್ ಇಲ್ಲ.”

ಎಜ್ರಾ ನಕ್ಕುಬಿಟ್ಟರು. “ನಿನ್ನಿಂದ ಫ್ರೀ ಅನ್ನೋ ಮಾತು ಇವತ್ತೇ ಕೇಳಿದ್ದು. ಆದರೆ ನೀನು ನಮ್ಮವನಲ್ಲವಲ್ಲ, ಲೆಕ್ಕಕ್ಕೆ ಬರಲ್ಲ. ಇಳಿಸು.”

ಕನ್ನಡಿ ಕೂರಿಸುವಾಗ ತಾರಸಿಯಲ್ಲಿ ಅವರಿರಲೇಬೇಕೆಂಬುದು ನಮ್ಮ ಕರಾರು. ಹಾಗಾಗಿ ಬೇರೆ ದಾರಿಯಿರಲಿಲ್ಲ, ಇಳಿಸಿದೆವು. ಹೊಸ ತೊಂದರೆಯೆಂದರೆ, ಅವರ ಕಾರು ಕಾಂಪೌಂಡಿನ ಒಳಗೆ, ಕ್ರೇನ್ ಗೇಟಿಗೆ ಅಡ್ಡ. ಚಾಚಿದ ಅದರ ಕಾಲುಗಳನ್ನು ಮಡಿಸಿ ಕ್ರೇನ್ ಸರಿಸಲು ಇಪ್ಪತ್ತು ನಿಮಿಷವಾದರೂ ಬೇಕು. ಆ ಹೊತ್ತಿಗೆ ಕಾರ್ಖಾನೆಗಳ ಕಡೆ ಟ್ಯಾಕ್ಸಿ ಸಿಗುವುದು ಕನಸು. ಹೊರಗೆ ನಿಂತಿದ್ದದ್ದು ನನ್ನ ಲಾರಿ. “ಹತ್ತಿ ಸರ್” ಎಂದೆ.

ಹೆದ್ದಾರಿಯಲ್ಲಿ ಜುರಾಂಗ್ ದಾಟುವಷ್ಟರಲ್ಲಿ ಆರು ಗಂಟೆ. ಲಾರಿಯ ವೇಗ ಮಿತಿಯನ್ನು ಸ್ವಲ್ಪ ಮೀರಿದರೂ ಸಾಕು, ಒಳಗೆ ಎಚ್ಚರಿಕೆಯ ಗಂಟೆ ಟಿಣ್ ಟಿಣ್ ಎನ್ನುತ್ತಿತ್ತು. ಆ ಸದ್ದಿನ ನಡುವೆಯೇ ಕೇಳಿಬಿಟ್ಟೆ.

“ತಪ್ಪು ತಿಳಿಯಬೇಡಿ ಸರ್. ಅವತ್ತು ಆ ಬೆಳಕು ತೋರಿಸಿದ್ರಿ. ಅಷ್ಟು ದೊಡ್ಡ ಸೃಷ್ಟಿಯಲ್ಲಿ ಒಂದು ರೂಮಿನಲ್ಲಿ ಒಂಬತ್ತು ಜನ ಇದ್ರೇನು, ಹತ್ತು ಜನ ಇದ್ರೇನು?”

ಅವರು ಮುಂದಿದ್ದ ಬಸ್ಸನ್ನೇ ನೋಡುತ್ತಿದ್ದರು.

“ನೀನು ತೂಕ ಎತ್ತೋ ಮನುಷ್ಯ, ಹಾಗೇ ಕೇಳ್ತೀಯ. ನಕ್ಷತ್ರ ದೊಡ್ಡದು, ಒಪ್ಪಿದೆ. ಆದರೆ ಅದು ಗೈರುಹಾಜರಾಗೋಕೆ ಸಾಧ್ಯವಾ? ಇವತ್ತು ಬರಲ್ಲ ಅಂತ ಹೇಳೋಕಾಗುತ್ತಾ? ತಳ್ಳಿದ ದಾರಿಯಲ್ಲಿ ಹೋಗ್ತಾ ಇರುತ್ತೆ. ನಾನು ಬರದೇ ಇರಬಹುದು. ಕನ್ನಡಿ ಮುಖ್ಯ ಅಂತ ಅಲ್ಲೇ ನಿಲ್ಲಬಹುದಿತ್ತು. ಬರದೇ ಇರಬಲ್ಲವನು ಬಂದಾಗ ಮಾತ್ರ ಆ ಬರುವಿಕೆಗೆ ಬೆಲೆ.”

“ನಿಮ್ಮ ಧರ್ಮದಲ್ಲಿ ಹೀಗೆ ಇದೆಯಾ?”

“ದೇವರು ಮೊದಲು ಒಬ್ಬನೇ ಒಬ್ಬ ಮನುಷ್ಯನನ್ನ ಸೃಷ್ಟಿಸಿದ ಅನ್ನೋದು ನಮ್ಮ ನಂಬಿಕೆ. ಗುಂಪಿನಿಂದ ಶುರು ಮಾಡಲಿಲ್ಲ. ಆ ಒಬ್ಬನಿಗೋಸ್ಕರವೇ ಇಡೀ ಜಗತ್ತು ಸೃಷ್ಟಿಯಾಯ್ತು ಅಂತ ನಮ್ಮ ಹಿರಿಯರು ಹೇಳ್ತಾರೆ. ಅದು ಜಂಬಪಡೋಕಲ್ಲ, ಜವಾಬ್ದಾರಿ ಹೊರೋಕೆ. ಈಗ ಲೇನ್ ಬದಲಾಯಿಸಪ್ಪ, ಬಸ್ಸಿನ ಹಿಂದೆಯೇ ಇದ್ದೀಯ!”

6.46ಕ್ಕೆ ಪ್ರಾರ್ಥನಾಲಯ ತಲುಪಿದೆವು. ಬಿಸಿಲು ಗೋಡೆಯ ಮೇಲಂಚಿನಲ್ಲಿ ಮಾತ್ರ ಉಳಿದಿತ್ತು. ಬಾಗಿಲಲ್ಲಿದ್ದ ಮೇಲ್ವಿಚಾರಕರು ಎಜ್ರಾ ಅವರನ್ನು ಒಳಗೆ ತಳ್ಳಿದರೆಂದೇ ಹೇಳಬೇಕು. ನಾನು ಹೊರಗಿನ ಮೆಟ್ಟಿಲಲ್ಲಿ ನಿಂತು, ತೆರೆದ ಕಿಟಕಿಯ ಕಡೆ ಬೆರಳು ಮಾಡಿ ತಲೆ ಎಣಿಸತೊಡಗಿದೆ. ಒಂದು, ಎರಡು, ಮೂರು... ಮೇಲ್ವಿಚಾರಕರು ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

“ಜನರನ್ನ ನಾವು ನಂಬರ್ ಹಾಕಿ ಎಣಿಸಲ್ಲ, ಅಂಕಲ್. ಹತ್ತು ಪದ ಇರೋ ಒಂದು ಪ್ರಾರ್ಥನೆಯ ಸಾಲಿದೆ. ಒಬ್ಬೊಬ್ಬರಿಗೆ ಒಂದೊಂದು ಪದ ಹೇಳ್ತೀವಿ. ನಿನ್ನೆ ಸಂಜೆಯಿಂದ ಕೊನೆಯ ಪದ ಉಳಿದುಬಿಟ್ಟಿತ್ತು.”

ಇಷ್ಟು ಹೇಳಿ ಅವರೂ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮುದುಕರೊಬ್ಬರು ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದು ಎದ್ದು ನಿಂತರು. ಧ್ವನಿ ಮೊದಲು ನಡುಗಿತು. ಉಳಿದವರು ಒಟ್ಟಿಗೆ “ಆಮೆನ್” ಎಂದರು. ಮುದುಕರ ಧ್ವನಿ ಗಟ್ಟಿಯಾಯಿತು. ಮತ್ತೆ “ಆಮೆನ್.” ಭಾಷೆ ತಿಳಿಯದಿದ್ದರೂ ನಾನು ಚಪ್ಪಲಿ ಬಿಟ್ಟು ನಿಂತುಕೊಂಡಿದ್ದೆ.

ಹೊರಗೆ ಬಂದ ಎಜ್ರಾ ಅವರನ್ನು ಕೇಳಿದೆ: “ಮಗನ ಬಗ್ಗೆ ಏನಂತ ಹೇಳಿದ್ರು?”

“ಮಗನ ಹೆಸರೇ ಅದರಲ್ಲಿ ಬರಲ್ಲ. ಸಾವಿನ ಮಾತೂ ಇಲ್ಲ. ಈ ಜಗತ್ತನ್ನು ಸೃಷ್ಟಿಸಿದವನು ದೊಡ್ಡವನು ಅಂತ ಹೇಳೋದು, ಅಷ್ಟೇ.”

ಆ ಮಸುಕು ಕಲೆಯಾಚೆಗೂ ಹರಡಿಕೊಂಡದ್ದನ್ನೆಲ್ಲ ಮಾಡಿದವನು ದೊಡ್ಡವನು ಎಂದು ಹೇಳಲು, ಈ ಮುದುಕರಿಗೆ ಬೂನ್ ಲೇಯಿಂದ ಲಾರಿಯಲ್ಲಿ ಒಬ್ಬ ಬರಬೇಕಾಯಿತು! ಮೇಯರ್ ಅವರು ಮೆಟ್ಟಿಲಿಳಿದು ಬಂದು ಎಜ್ರಾ ಅವರ ಎರಡೂ ಕೈ ಹಿಡಿದುಕೊಂಡರು. ಧನ್ಯವಾದ ಎನ್ನಲಿಲ್ಲ. “ಊಟ ಮಾಡಿದ್ಯಾ?” ಎಂದಷ್ಟೇ ಕೇಳಿದರು.

ಮೂರು ವಾರಗಳ ನಂತರ ಟೆಲಿಸ್ಕೋಪ್ ತಾರಸಿ ಏರಿತು. ಎರಡನೇ ಸಲದ ಕ್ರೇನಿನ ಬಾಡಿಗೆಗೂ ಎಜ್ರಾ ಚೌಕಾಸಿ ಮಾಡಿದರು, ನಾನೂ ಮಾಡಿದೆ. ಅದು ಬೇರೆ ಮಾತು.

ಈ ಕಸುಬಿಗೆ ಬರುವವರಿಗೆ ನನ್ನದೊಂದು ಸಲಹೆ. ಬೆಲ್ಟಿಗೆ, ಕೊಕ್ಕೆಗೆ, ಕ್ರೇನಿಗೆ ಬದಲಿ ಇಟ್ಟುಕೊಳ್ಳಿ. ಆದರೆ ದಿನ ಗೊತ್ತು ಮಾಡುವ ಮೊದಲು ಗಿರಾಕಿಯನ್ನೂ ನಿಮ್ಮ ಆಳುಗಳನ್ನೂ ಒಂದು ಮಾತು ಕೇಳಿ: ಆ ದಿನ ನೀವು ಇರಲೇಬೇಕಾದ ಬೇರೆ ಜಾಗ ಇದೆಯಾ? ನಾನು ಮೊದಲ ಸಲ ಹೀಗೆ ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ರಜೆ ಕೇಳದಿದ್ದ ದಿನಕರ ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ಗುರುವಾರ ಮಗಳ ಸ್ಕೂಲಲ್ಲಿ ನಾಟಕ, ಅಣ್ಣಾ. ಅವಳದ್ದು ಒಂದೇ ಡೈಲಾಗು.”

ಗುರುವಾರ ಎತ್ತಬೇಕಿದ್ದ ಯಂತ್ರವನ್ನು ಶುಕ್ರವಾರಕ್ಕೆ ಹಾಕಿದೆ.